ಖಾಲಿ ಡಬ್ಬಿ

ರವಣಪ್ಪ ತಂದ ಬ್ರೇಕ್ ಶೂ ಜೋಡಿಗೆ
ಕೋಲಾರದ ಪೇಟೆಯಲ್ಲಿ ನೂರಾ ಹತ್ತು ರೂಪಾಯಿ.
ಡಬ್ಬಿಯ ಮೇಲೆ ಕಂಪನಿಯ ಹೆಸರು ತಪ್ಪಿಲ್ಲ,
ಬಿಸಿಲಿಗೆ ಹಿಡಿದರೆ ಬಣ್ಣ ಬದಲಿಸುವ ಚೀಟಿಯೂ ಇದೆ.
"ಬೇಗ ಹಾಕ್ಬಿಡಪ್ಪ, ಹಾಲು ಒಡೆದೋಗ್ತದೆ."

ಬೇಗ ಹಾಕುವುದಿಲ್ಲ ನಾನು.
ಎಡಗೈಯಲ್ಲಿ ಹೊಸದು,
ಬಲಗೈಯಲ್ಲಿ ಈಗಷ್ಟೇ ಬಿಚ್ಚಿದ ಅವನ ಹಳೆಯದು.
ಸವೆದದ್ದೇ ಭಾರ.

ಸ್ಪ್ಯಾನರಿನ ತುದಿಯಿಂದ ಮೆಲ್ಲಗೆ ತಟ್ಟಿ
ಕಿವಿಯ ಹತ್ತಿರ ಹಿಡಿಯುತ್ತೇನೆ.
ಪಟ್ಟಿ ಲೋಹವನ್ನು ಕಚ್ಚಿಕೊಂಡಿದ್ದರೆ ಒಂದೇ ದನಿ.
ಇದಕ್ಕೆ ಎರಡು,
ಸಂತೆಯಲ್ಲಿ ಅವ್ವ ಬೆರಳ ಗೆಣ್ಣಿನಿಂದ ಬಡಿದು
ಮಾತಾಡದೆ ವಾಪಸ್ ಇಟ್ಟ ಮಡಕೆಯ ಹಾಗೆ.
ಅಂಚಿಗೆ ಉಗುರು ಹಾಕಿದೆ.
ಸೀದ ಮುದ್ದೆಯ ತಳದಂತೆ ಪುಡಿಪುಡಿ ಎದ್ದಿತು.

ತೇರಹಳ್ಳಿ ಬೆಟ್ಟದಿಂದ ಇಳಿಯುವವನು ನೀನು,
ಹಿಂದೆ ಎರಡು ಕ್ಯಾನು, ನಲವತ್ತು ನಲವತ್ತು ಲೀಟರು.
ಮೊದಲ ತಿರುವಿಗೆ ಹಿಡಿಯುತ್ತದೆ ಇದು.
ಎರಡನೆಯದಕ್ಕೂ ಹಿಡಿಯುತ್ತದೆ,
ನಕಲಿಗೂ ಅಷ್ಟು ಮರ್ಯಾದೆ ಇರುತ್ತದೆ.
ಕಾದ ಮೇಲೆ,
ಆ ಸೀತಾಫಲದ ಗಿಡಗಳಿವೆಯಲ್ಲ, ಅಲ್ಲಿ,
ಪೆಡಲು ನಿನ್ನ ಪಾದದ ಕೆಳಗೆ
ಹತ್ತಿಯ ದಿಂಬಿನ ಹಾಗೆ ಸುಮ್ಮನೆ ಕೂರುತ್ತದೆ.

"ಡಬ್ಬಿ ಅಸಲಿ ಅಲ್ವ ಮತ್ತೆ?"

ಹೌದು, ಅಸಲಿ.
ತಿರುಗಿಸಿದೆ. ತಳದಲ್ಲಿ ನೀಲಿ ಪೆನ್ನಿನ ತಾರೀಕು,
ಹೋದ ವರ್ಷ, ಯುಗಾದಿಯ ಮಾರನೆಯ ದಿನ.
ಏಳಕ್ಕೆ ಅಡ್ಡಗೆರೆ ಎಳೆಯುವವನು
ಈ ರಸ್ತೆಯಲ್ಲಿ ನಾನೊಬ್ಬನೇ.

ತಿಂಗಳಿಗೊಮ್ಮೆ ಬರುತ್ತಿದ್ದ ಒಬ್ಬ, ಗೋಣಿಚೀಲದೊಂದಿಗೆ.
ಹರಿಯದ ಡಬ್ಬಿಗೆ ಮೂರು ರೂಪಾಯಿ,
ಚೀಟಿ ಸುಕ್ಕಾಗದಿದ್ದರೆ ನಾಲ್ಕು.
ಎಣಿಸಿ ಕೊಡುತ್ತಿದ್ದೆ. ಯಾಕೆ ಅಂತ ಕೇಳಲಿಲ್ಲ.
ಆ ದುಡ್ಡಿಗೆ ಇರ್ಷಾದನಿಗೂ ನನಗೂ
ಟೀ, ಬನ್ನು, ಒಮ್ಮೊಮ್ಮೆ ಆಮ್ಲೆಟ್ಟು.

ಹೇಳಬೇಕೆಂದು ಬಾಯಿ ತೆರೆದೆ.
"ಕ್ಯಾನು ಬಿಸಿಲಲ್ಲಿದೆ" ಅಂದ ರವಣಪ್ಪ.
ಕಪಾಟಿನಿಂದ ಬೇರೆ ಜೋಡಿ ತೆಗೆದೆ,
ತೂಗಿದೆ, ತಟ್ಟಿದೆ, ಕೂರಿಸಿದೆ.
ಚಕ್ರ ತಿರುಗಿಸಿ ಪೆಡಲು ಒತ್ತಿದಾಗ ಗಕ್ಕನೆ ನಿಂತಿತು,
ಹೆಸರು ಕೂಗಿದರೆ ನಿಲ್ಲುವವರಂತೆ.
ಅಂಗಡಿ ಮುಂದಿನ ರಸ್ತೆಯಲ್ಲಿ ನಾನೇ ಮೂರು ಸುತ್ತು ಹೊಡೆದೆ,
ಕ್ಯಾನುಗಳ ಸಮೇತ.
ದುಡ್ಡು ಬೇಡ ಅಂದೆ.
ಯಾಕೆ ಅಂತ ಅವನೂ ಕೇಳಲಿಲ್ಲ.

ಅವನು ಹೋದ ಮೇಲೆ ಆ ಶೂಗಳನ್ನು ವೈಸಿಗೆ ಕಚ್ಚಿಸಿ
ಗರಗಸದಿಂದ ಎರಡೆರಡು ತುಂಡು ಮಾಡಿದೆ,
ತಿಪ್ಪೆಯಿಂದ ಮತ್ತೆ ಯಾರೂ ಎತ್ತಿಕೊಳ್ಳದ ಹಾಗೆ.
"ಇದೂನಾ ಉಸ್ತಾದ್?" ಇರ್ಷಾದ್ ಕಪಾಟು ತೋರಿಸಿದ.
ಮೇಲಿನ ಹಲಗೆಯಲ್ಲಿ ಒಪ್ಪವಾಗಿ ಪೇರಿಸಿದ ಖಾಲಿ ಡಬ್ಬಿಗಳು,
ಈ ತಿಂಗಳದ್ದು, ಇಪ್ಪತ್ತಾರು.

ಇಬ್ಬರೂ ನೆಲದ ಮೇಲೆ ಕೂತು ಹರಿಯತೊಡಗಿದೆವು.
ಸುಲಭಕ್ಕೆ ಹರಿಯುವುದಿಲ್ಲ.
ಒಳ್ಳೆಯ ರಟ್ಟು.