ಕಲಂ ಹದಿನಾಲ್ಕು

ದುದ್ದದ ಕಡೆಯ ಒಂದು ಊರು. ಮನೆ ನಂಬರು ನಲವತ್ತೊಂದು.
ಭಾನುವಾರ ಶಾಲೆಗೆ ರಜೆ, ಮೇಷ್ಟರಿಗಿಲ್ಲ.
ಇಲಾಖೆ ಕೊಟ್ಟ ಚೀಲದ ಜಿಪ್ಪು ಮೊದಲ ದಿನವೇ ಕೈಗೆ ಬಂದಿತ್ತು.

"ಏನು ಕೆಲಸ ಮಾಡ್ತೀರಮ್ಮ?"
"ಯಾವಾಗ?" ಅಂದಳು ದ್ಯಾವೀರಮ್ಮ,
ಮೊರದಿಂದ ಕಣ್ಣೆತ್ತದೆ.

ಕಲಂ ಹದಿನಾಲ್ಕಕ್ಕೆ ಹೊಳೆಯದ ಪ್ರಶ್ನೆ.
ಅಲ್ಲಿರುವುದು ಎರಡು ಅಂಕಿ ಹಿಡಿಯುವ ಒಂದು ಚೌಕ.

ಮುಂಗಾರಿಗೆ ಮುಂಚೆ ಬಿತ್ತನೆ ಆಲೂಗೆಡ್ಡೆ ಕೊಯ್ಯುತ್ತಾಳೆ,
ಹೋಳಿಗೊಂದು ಕಣ್ಣು ಉಳಿಯುವ ಹಾಗೆ.
ಶ್ರಾವಣದಲ್ಲಿ ಅದೇ ಗೆಡ್ಡೆ ಕೀಳುತ್ತಾಳೆ, ಹೊಲ ಬೇರೆಯವರದು.
ಡಿಸೆಂಬರಿಗೆ ಪಿಕಪ್ ಹತ್ತಿ ಆಲೂರಿನಾಚೆ,
ಕಾಫಿ ಹಣ್ಣು, ಕಿಲೋ ಲೆಕ್ಕ.
ಮಾರ್ಚಿಗೆ ಹಾಸನದ ಕ್ಯೂರಿಂಗ್ ವರ್ಕ್ಸ್,
ಬೆಲ್ಟಿನ ಮೇಲೆ ಹರಿಯುವ ಬೀಜದಲ್ಲಿ ಕರಿಯದನ್ನು ಹೆಕ್ಕುವುದು.
ಸಂದಿಯಲ್ಲಿ ಛತ್ರದ ಪಾತ್ರೆ, ಸಂದಿಯಲ್ಲಿ ನರೇಗಾದ ಕೆರೆ ಹೂಳು.
"ಎಲ್ಲಾನೂ ಬರ್ಕಳಿ."

"ಒಂದೇ ಹಿಡಿಯೋದು. ಮುಖ್ಯವಾದದ್ದು ಯಾವುದು?"

ಮಂಚದಿಂದ ಗಂಡ ಚಿಕ್ಕೀರಪ್ಪ:
"ನನ್ನ ಹೆಸರಿಗೆ ವ್ಯವಸಾಯ ಹಾಕ್ಕಳಿ."
ಹದಿನೇಳು ಗುಂಟೆ. ತುಂಬ ನೀಲಗಿರಿ, ತಾನಾಗಿ ಬೆಳೆಯುತ್ತಿದೆ;
ಹೋದ ದೀಪಾವಳಿಯಿಂದ ಅತ್ತ ಹೋಗಿಲ್ಲ ಅಂತ ಅವನೇ ಹೇಳಿದ.
ಹಾಕಿದೆ. ಚೌಕ ತಕರಾರು ಮಾಡಲಿಲ್ಲ.

ಮಗಳು ಪಲ್ಲವಿ ತಲೆ ಬಾಚುತ್ತಾ ಹೊರಬಂದಳು.
ಗಾರ್ಮೆಂಟ್ಸು, ಆರೂ ಹತ್ತರ ಬಸ್ಸು.
"ನಂದು ಸಲೀಸು ಸಾರ್. ತಯಾರಿಕೆ."
"ಏನು ತಯಾರಿಸ್ತೀಯಮ್ಮ?"
"ಎಡತೋಳು."
ಗಂಟೆಗೆ ಎಂಬತ್ತು. ಬಲತೋಳು ಇನ್ನೊಂದು ಲೈನಿನದು.
ಪೂರ್ತಿ ಅಂಗಿ ನೋಡಿಲ್ಲವಂತೆ ಮೂರು ವರ್ಷದಲ್ಲಿ,
ಪೆಟ್ಟಿಗೆ ಮುಚ್ಚುವ ಕಡೆ ಇವರನ್ನು ಬಿಡುವುದಿಲ್ಲ.
ಆ ಎಡತೋಳು ಮಾತ್ರ ನನ್ನ ಚೌಕದೊಳಗೆ
ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

ಉಳಿದದ್ದು ತಾಯಿಯ ಸಾಲು.
"ಖಾಲಿ ಬಿಟ್ರೆ ಏನಾಯ್ತದೆ?"
"ಖಾಲಿ ಬಿಟ್ಟರೆ ಆಫೀಸಿನಲ್ಲಿ ಮನೆಗೆಲಸ ಅಂತ ತುಂಬ್ತಾರೆ."
ನಕ್ಕಳು. "ಅದೂ ಸುಳ್ಳಲ್ಲ ಬಿಡಿ. ಟೀ ಕುಡೀತೀರಾ?
ಕಾಫಿಪುಡಿ ತಂದಿಲ್ಲ, ರೇಟು ಏರೈತೆ."

ಪೆನ್ಸಿಲಿನಲ್ಲಿ ಇರುವೆ ಸಾಲಿನಂತೆ ಗೀಚಿದೆ:
ಕೊಯ್ಯುವುದು, ಕೀಳುವುದು, ಬಿಡಿಸುವುದು, ಹೆಕ್ಕುವುದು.
ಚೌಕ ಮುಗಿದು ಅಂಚಿಗೆ ಬಂತು, ಅಂಚು ಮುಗಿದು
ಚಿಕ್ಕೀರಪ್ಪನ ವ್ಯವಸಾಯದ ಮೇಲೆ ಹತ್ತಿತು.
ತಾಲ್ಲೂಕು ಆಫೀಸಿನ ಸೂಪರ್‌ವೈಸರ್ ಅಳಿಸುತ್ತಾರೆ.
ಅವರ ರಬ್ಬರು ನನಗೆ ಗೊತ್ತು.

ಟೀ ಬಂತು. ಮೊರ ಮತ್ತೆ ತೊಡೆಗೆ ಬಂತು.
ನನ್ನ ಜೊತೆ ಮಾತಾಡುತ್ತಲೇ, ನೋಡದೆ,
ಹುರುಳಿಯೊಳಗಿನ ಕರಿಕಲ್ಲೊಂದನ್ನು ಹೆಕ್ಕಿ
ಅಂಗಳಕ್ಕೆ ಎಸೆದಳು. ಕೋಳಿ ಓಡಿ ಬಂದು
ಮೂಸಿ, ಬಿಟ್ಟು ಹೋಯಿತು.

ನಲವತ್ತೆರಡನೇ ಮನೆಯಲ್ಲಿ ನಾಯಿ ಇದೆಯಂತೆ.