ಎಡಗೈ ತೋರುಬೆರಳು

ಆಲ್ಡರ್ ಫಾಲ್ಸಿನಲ್ಲಿ ಯಾರು ಯಾವ ಕಡೆ
ಅನ್ನುವುದನ್ನು ನನ್ನನ್ನು ಕೇಳಿ.
ದನದ ಡಾಕ್ಟರು ನಾನು. ಇಪ್ಪತ್ತೆರಡು ವರ್ಷದಿಂದ
ಹಸುವಿನೊಳಗೆ ಭುಜದವರೆಗೆ ಕೈಯಿಟ್ಟು
ಹೊರಗೆ ನಿಂತವರ ರಾಜಕೀಯ ಕೇಳಿಸಿಕೊಂಡವಳು.
ಆ ಭಂಗಿಯಲ್ಲಿ ವಾದ ಮಾಡಲಾಗುವುದಿಲ್ಲ.
ಹ್ಞೂಂ ಅನ್ನಬಹುದು, ಕರುವಿನ ಕಾಲು ತಡಕಬಹುದು.

ಡೆಲ್ಬರ್ಟ್ ಕ್ರೂಗರನ ಅಜ್ಜ
ಕಾಗದದ ಗಿರಣಿಯಲ್ಲಿ ಯೂನಿಯನ್ ಖಜಾಂಚಿ.
ಅಪ್ಪನೂ ಅದೇ ಪಕ್ಷಕ್ಕೆ ಒತ್ತುತ್ತಿದ್ದ,
ಚರ್ಚಿನಲ್ಲಿ ಅದೇ ಬೆಂಚಿಗೆ ಹೋಗಿ ಕೂತ ಹಾಗೆ.
ಗಿರಣಿ ಮುಚ್ಚಿದ ವರ್ಷ ಡೆಲ್ಬರ್ಟ್ ಬೆಂಚು ಬದಲಿಸಿದ.
‘ಅವರು ಬರ್ತಾರೆ, ಕೈ ಕುಲುಕ್ತಾರೆ, ಚೀಸು ತಿಂದು ಹೋಗ್ತಾರೆ.
ಇವರೂ ಅಷ್ಟೇ. ಆದ್ರೆ ಇವರು
ನಮ್ಮ ಪರವಾಗಿ ಸಿಟ್ಟಾದ್ರೂ ಮಾಡ್ಕೊಳ್ತಾರೆ.’
ಇದಕ್ಕೆ ಉತ್ತರ ನನಗೆ ಇನ್ನೂ ಹೊಳೆದಿಲ್ಲ.

ಅವನ ತಂಗಿ ಅಯೋನ್, ಲೈಬ್ರರಿಯವಳು,
ಪಕ್ಕದ ಅಂಗಳದಲ್ಲೇ ನೀಲಿ ಫಲಕ ನೆಡುತ್ತಾಳೆ.
ಅಕ್ಟೋಬರು ಪೂರ್ತಿ ಇಬ್ಬರಿಗೂ ಮಾತಿಲ್ಲ.
ಮೊದಲ ಹಿಮ ಬಿದ್ದ ಬೆಳಿಗ್ಗೆ ನೋಡಿದರೆ
ಅವಳ ದಾರಿಯ ಹಿಮ ಯಾರೋ ಬಳಿದು ಹೋಗಿರುತ್ತಾರೆ,
ಫಲಕದ ಸುತ್ತ ಒಂದು ಗೇಣು ಬಿಟ್ಟು.

ಈ ಬಣ್ಣಗಳೇ ನನಗೆ ಬಹುಕಾಲ ತಿರುವುಮುರುವು.
ದಾವಣಗೆರೆಯ ಹತ್ತಿಗಿರಣಿಯ ಗೇಟಿನಲ್ಲಿ
ಅಪ್ಪ ಹಿಡಿದು ನಿಂತದ್ದು ಕೆಂಬಾವುಟ.
ಇಲ್ಲಿ ಟೀವಿಯ ನಕ್ಷೆಯ ಮೇಲೆ ನಮ್ಮ ಕೌಂಟಿ
ಮೊದಲ ಸಲ ಕೆಂಪಾದ ರಾತ್ರಿ, ಅರೆನಿದ್ದೆಯಲ್ಲಿ,
‘ಅಪ್ಪಾ, ನಿಮ್ಮವರು ಗೆದ್ದರು’ ಅನ್ನಬೇಕೆನಿಸಿತು.
ಹೇಳಿದ್ದರೆ ವಿವರಿಸಲು ಒಂದು ಗಂಟೆ ಬೇಕಿತ್ತು.
ಹೇಳೋಣವೆಂದರೆ ಅಪ್ಪನೂ ಇಲ್ಲ, ಗಿರಣಿಯೂ ಇಲ್ಲ;
ಅಲ್ಲೀಗ ಕಲ್ಯಾಣಮಂಟಪ.
ಇಲ್ಲಿಯ ಗಿರಣಿಯಲ್ಲಿ ಜನ
ಬೇಡವಾದ ಸೋಫಾಗಳನ್ನು ತಿಂಗಳ ಬಾಡಿಗೆಗೆ ಇಡುತ್ತಾರೆ.

ನಾಲ್ಕು ವರ್ಷಕ್ಕೊಮ್ಮೆ ಅಣಬೆಯ ಹಾಗೆ ಪತ್ರಕರ್ತರು.
ಮಾರ್ವಳ ಹೋಟೆಲಿನಲ್ಲಿ ಕೂತು
ಊರಿನ ಮನಸ್ಸಿನಲ್ಲಿ ಏನಿದೆ ಎಂದು ಕೇಳುತ್ತಾರೆ.
ಮಾರ್ವ ಅವರ ಪೈಗೆ ಒಂದು ಡಾಲರು ಜಾಸ್ತಿ ಹಾಕುತ್ತಾಳೆ.

ಈ ಸಲದ ಮಂಗಳವಾರ ಬೆಳಗಿನ ಜಾವ ಮೂರಕ್ಕೆ ಫೋನು:
ಕ್ರೂಗರನ ಕೊಟ್ಟಿಗೆ, ಅಡ್ಡ ತಿರುಗಿದ ಕರು.
ಎಲಿಸಿಯೊ ದೀಪ ಹಿಡಿದ, ಹಗ್ಗ ಜಗ್ಗಿದ,
ಹಸುವಿನ ಕಿವಿಯಲ್ಲಿ ಸ್ಪ್ಯಾನಿಷಿನಲ್ಲಿ ಏನೋ ಹೇಳಿದ.
ಕರು ಜಾರಿ ಬಿತ್ತು, ಸೀನಿತು.
ಹೊಕ್ಕುಳಬಳ್ಳಿಯನ್ನು ಅಯೋಡಿನ್ನಿನಲ್ಲಿ ಅದ್ದಿದ.

ಹದಿನಾಲ್ಕು ವರ್ಷದಿಂದ ಈ ಊರಿನ ಹಾಲು ಕರೆಯುವವನು,
ಈ ಊರಿನ ಯಾವ ಪಟ್ಟಿಯಲ್ಲೂ ಹೆಸರಿಲ್ಲ.
ಡೆಲ್ಬರ್ಟ್ ಅವನನ್ನು ‘ನಮ್ಮ ಎಲಿ’ ಅನ್ನುತ್ತಾನೆ,
ಅವನ ಮಗಳ ಹಲ್ಲಿನ ಬಿಲ್ಲು ಕಟ್ಟುತ್ತಾನೆ,
ಆಮೇಲೆ ಬೂಟು ತೊಳೆದು ಟೌನ್ ಹಾಲಿಗೆ ಹೋಗಿ
ಎಲಿಯಂಥವರನ್ನು ಓಡಿಸುತ್ತೇವೆ ಅನ್ನುವವರಿಗೆ ಒತ್ತಿ ಬರುತ್ತಾನೆ.
ಕೇಳಿದ್ದೆ ಒಮ್ಮೆ. ‘ಎಲಿ ಬೇರೆ’ ಅಂದ.
ಸುಳ್ಳು ಹೇಳುತ್ತಿರಲಿಲ್ಲ. ಅದೇ ಕಷ್ಟ.

ನಾನೂ ಹಾಕಿದೆ. ಯಾರಿಗೆಂದು ಹಸುಗಳಿಗೂ ಹೇಳಿಲ್ಲ.
ದಿನವಿಡೀ ಅಯೋನಳ ಪಕ್ಕ ಕೂತು
ಹೆಸರು ಹುಡುಕಿ ಸಹಿ ಹಾಕಿಸಿಕೊಂಡೆ,
ಎಲ್ಲರಿಗೂ ಒಂದೊಂದು ಗುಂಡು ಸ್ಟಿಕರು ಕೊಟ್ಟೆ.
ಇಲ್ಲಿ ಬೆರಳಿಗೆ ಶಾಯಿಯಿಲ್ಲ. ಸಂಜೆಯ ಹೊತ್ತಿಗೆ
ಅರ್ಧ ಸ್ಟಿಕರುಗಳು ಪಾರ್ಕಿಂಗಿನ ಕೆಸರಿನಲ್ಲಿ.

ಮುನ್ನೂರ ಅರವತ್ತಾರು, ಇನ್ನೂರ ಒಂಬತ್ತು.
ಯಾರೋ ಒಬ್ಬರು ತಮ್ಮ ನಾಯಿಯ ಹೆಸರು ಬರೆದಿದ್ದರು,
ಅದನ್ನೂ ಎಣಿಸಿದೆವು.

ಮನೆಗೆ ಹೋಗುವ ಮುಂಚೆ ಕರು ನೋಡಲು ತಿರುಗಿದೆ.
ಎಲಿಸಿಯೊ ಬಾಟಲಿ ಹಿಡಿದು ಕುಡಿಸುತ್ತಿದ್ದ.
ಯಾರು ಗೆದ್ದರು ಅಂತ ಕೇಳಲಿಲ್ಲ.
ಸೋಪಿನಲ್ಲಿ ಮೂರು ಸಲ ತಿಕ್ಕಿದೆ ಡಾಕ್ಟರೇ, ಹೋಗ್ತಾ ಇಲ್ಲ,
ಎಂದು ನಗುತ್ತ ಎಡಗೈ ಚಾಚಿದ.
ತೋರುಬೆರಳು. ಉಗುರಿನ ಬುಡದಿಂದ ಮೇಲಕ್ಕೆ
ಕಡುಗಂದು ಗೆರೆ, ನೆಟ್ಟಗೆ,
ನಮ್ಮೂರಿನಲ್ಲಿ ಎಳೆಯುವ ಜಾಗದಲ್ಲೇ.