ಹುಳಿಪಾಕ

ಶುಕ್ರವಾರ ಮಾಪ್ಸಾ ಸಂತಿಯಿಂದ ಚೀಲ ಬರತೈತಿ.
ಬಾಯಿ ಬಿಚ್ಚಿದ ಕೂಡಲೆ ಗೊತ್ತಾಗತೈತಿ ನನಗ:
ತೆಳ್ಳನ ತೊಗಲು, ತೊಟ್ಟಿನ ಹತ್ರ ಒಂಚೂರು ಹಳದಿ,
ರಾತ್ರಿಯೆಲ್ಲ ಲಾರಿಯಾಗ ಒಂದರ ಮ್ಯಾಲೊಂದು ಕುಂತು
ಘಟ್ಟ ಇಳಿದು ಬಂದದ್ದು.
ನಾನೂ ಹಂಗ ಬಂದಾಕಿ, ಅದು ಬ್ಯಾರೆ ಮಾತು.

ಮೊದಲು ಬಾಟಲಿ ತರಸ್ತಿದ್ಳು ಬೆನಿತಾಬಾಯಿ.
ಹಸಿರಂದ್ರ ಹಸಿರು, ಬಾಗಲಿಗೆ ಹಚ್ಚೋ ಪೇಂಟಿನಂಗ.
ಮೂಗಿಗೆ ಹಿಡಿದ್ರ ನೆಲಾ ಒರಸೋ ನೀರಿನ ವಾಸನಿ.
ಹ್ವಾದ ವರ್ಷ ಗಣಪತಿ ಮುಗದ ಮ್ಯಾಲ
ರೊಕ್ಕ ಬಾಕಿ ಅಂತ ಬಾಟಲಿಯವ ಬರಲೇ ಇಲ್ಲ.
ಹೊರಗ ಮಂದಿಯೋ ಮಂದಿ. ಫೆನಿ, ಜಿನ್ನು, ರಮ್ಮು ಸಾಲಾಗಿ ನಿಂತಾವ,
ಹುಳಿ ಇಲ್ಲ.
ಬಾಟಲಿ ಗಾಳಿಗೆ ಒಗದು ಹಿಡಿಯೋ ಅಸ್ಸಾಮಿನ ಹುಡುಗ ದೀಪಜ್ಯೋತಿ
ಅಡಗಿಮನಿ ಪರದಿ ಸರಿಸಿ
ನನ್ನ ಮಾರಿ ನೋಡಿದ.

ಹಿಂಗ ಮಾಡೂದು, ನೋಡ್ರಿ.
ಬಿಸಿನೀರಾಗ ತೊಳೀಬೇಕು, ಒರಸಬೇಕು.
ಸಿಪ್ಪಿ ಕೆತ್ತುವಾಗ ಬಿಳೀದು ಬರಬಾರದು,
ಬಿಳೀದರಾಗ ಐತಿ ಕಹಿ.
ಚಾಕು ಮ್ಯಾಲಮ್ಯಾಲ ನಡೀಬೇಕು
ಮಲಗಿದ ಕೂಸಿನ ಉಗರು ತಗದಂಗ.
ಸಕ್ರಿ ಸುರಿದು ಅಂಗೈಲೆ ತಿಕ್ಕಿ ಮುಚ್ಚಿಡಬೇಕು,
ಬೆಳತನಕ ಮುಟ್ಟಬಾರದು.
ಮುಂಜಾನೆ ತಾಟು ತಗದ್ರ ಸಕ್ರಿ ಬೆವತಿರತೈತಿ.
ನೀರು ಹಾಕಿಲ್ಲ, ಒಲಿ ಹಚ್ಚಿಲ್ಲ,
ತನ್ನ ಎಣ್ಣಿ ತಾನ ಬಿಟ್ಟಿರತೈತಿ ಸಿಪ್ಪಿ.

ಹತ್ತು ನಿಂಬಿಗೆ ಎರಡು ಮೋಸಂಬಿ, ಅರ್ಧ ಕಿತ್ತಳಿ.
ಹಿಂಡಬೇಕು ಖರೆ, ಜೀವ ಹೋಗೂಹಂಗ ಹಿಂಡಬಾರದು.
ಕಡೀ ಹನಿಗೆ ಆಸೆ ಮಾಡಿದ್ರ
ಇಡೀ ಗಡಿಗಿ ಕಹಿ.
ಈ ಮಾತು ಹೇಳಿದ್ರ ಬೆನಿತಾಬಾಯಿ ನಗತಾಳ,
ಪಗಾರದ ದಿನ ಹೇಳಿದ್ರ ನಗೂದಿಲ್ಲ.

ಹೆಬ್ಬೆರಳು ಚುರ್ ಅಂದಾಗ ತಿಳೀತೈತಿ
ಎಲ್ಲೋ ಕೊಯ್ಕೊಂಡೀನಿ ಅಂತ.
ಯಾವಾಗ, ಏನ ಹೆಚ್ಚುವಾಗ, ನೆನಪಿಲ್ಲ.
ಹುಳಿಗೆ ನೆನಪೈತಿ.

ಮೊದಲ ಸಲ ನಾಲಿಗಿಗೆ ಹಚ್ಚಿ ದೀಪಜ್ಯೋತಿ
ಏನೋ ಕಡಿಮಿ ಅಂದ. ಏನಂತ ಅವಗೂ ಹೇಳಾಕ ಬರಲಿಲ್ಲ.
ಕುಡದು ಗೊತ್ತಿಲ್ಲ ನನಗ, ಒಂದು ಹನಿ ಸೈತ.
ಮಜ್ಜಿಗಿ ಗೊತ್ತು, ಪಾನಕ ಗೊತ್ತು,
ಉಪ್ಪಿನಕಾಯಿ ಭರಣಿ ತೆಗೆದಾಗ ಬರೋ ಮೊದಲ ಉಸಿರು ಗೊತ್ತು.
ಚಿಟಿಕಿ ಉಪ್ಪು ಹಾಕಿ ತಿರುವಿದೆ.
ಅವ ಕಣ್ಣು ಮುಚ್ಚಿದ. ಅಷ್ಟ.

ಈಗ ಕರಿಹಲಗಿ ಮ್ಯಾಲ ಬರದಾರಂತ, ಹೌಸ್ ಸಾವರ್.
ಹೌಸ್ ಅಂದ್ರ ಮನಿ, ಸಾವರ್ ಅಂದ್ರ ಹುಳಿ.
ಮನಿ ಯಾರದು ಅಂತ ಬರದಿಲ್ಲ.

ಬಾಟಲಿ ಮ್ಯಾಲ ತಾರೀಖು ನಾನ ಬರೀತೀನಿ, ಸಾಲಿಯಾಗ ಕಲತ ಅಂಕಿಯಾಗ.
ನಾ ೪ ಬರದ್ರ ಎಂಟು ಅಂತ ಓದಿದ ದೀಪಜ್ಯೋತಿ,
ನಾಕಕ್ಕ ಚೆಲ್ಲೂದನ್ನ ಎಂಟರ ತನಕ ಇಟ್ಟ.
ಅವತ್ತು ಇಬ್ರೂ ಬೈಸಿಕೊಂಡ್ವಿ.

ರಾತ್ರಿ ಒಂದಕ್ಕ, ಕುರ್ಚಿ ಡಬ್ಬ ಹಾಕಿದ ಮ್ಯಾಲ,
ಉಳದದ್ದಕ್ಕ ಸೋಡಾ ಹೊಯ್ಕೊಂಡು ಹಿತ್ತಲ ಮೆಟ್ಟಲ ಮ್ಯಾಲ ಕುಂಡರತೀನಿ.
ಶಿವೋಲಿ ಸೇತುವಿ ದೀಪ ಹೊಳಿಯಾಗ ಬಿದ್ದು ಅಲ್ಲಾಡತಾವ.
ನಿನ್ನೆ ದೀಪಜ್ಯೋತಿ ಖಾಲಿ ಚೀಲ ಹಾಸಿ ಬಾಜೂಕ ಕುಂತ.
ಚೀಲದ ಮ್ಯಾಲ ನೀಲಿ ಅಕ್ಷರ, ದುಂಡದುಂಡ,
ಈ ಅಡಗಿಮನಿಯಾಗ ಓದಾಕ ಬರೂದು ನನಗೊಬ್ಬಾಕಿಗೆ.
ಏನ ಬರದೈತಿ? ಅಂದ.
ಇಂಡಿ, ಅಂದೆ. ಊರಿನ ಹೆಸರು.
ಯಾರ ಊರು?
ಬಾಯಾಗ ಹುಳಿ ಇತ್ತು. ನುಂಗಿದೆ.
ನಿಂಬೀದು.